ತಪ್ಪಿದ ದಿನದ ಮಾತ್ರೆ

ಡೊಂಬಿವಲಿ ಪೂರ್ವ
೨೫ ಜೂನ್ ೨೦೨೫

ಅಪರ್ಣಾಳಿಗೆ,

ಆರು ವರ್ಷದ ಮೇಲೆ ಅಪ್ಪನ ಅಕ್ಷರ ನೋಡಿ ಗಾಬರಿಯಾಗಬೇಡ. ಯಾರೂ ಸತ್ತಿಲ್ಲ. ಸಾಯಬೇಕಾಗಿದ್ದವನು ನಾನೇ. ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದು ಹೋದ ಗುರುವಾರ ಮನೆಗೆ ಬಂದಿದ್ದೇನೆ. ಎದೆಯಲ್ಲಿ ನೀರು ತುಂಬಿತ್ತಂತೆ. ಮೂರು ಮಹಡಿ ಹತ್ತುವಷ್ಟರಲ್ಲಿ ಏದುಸಿರು ಬರುತ್ತಿತ್ತು, ವಯಸ್ಸು ಎಂದುಕೊಂಡು ಸುಮ್ಮನಿದ್ದೆ. ಎಪ್ಪತ್ತನಾಲ್ಕಕ್ಕೆ ಎಲ್ಲವನ್ನೂ ವಯಸ್ಸಿನ ತಲೆಗೆ ಕಟ್ಟುವುದು ಸುಲಭ.

ಇದು ರಾಜಿಯ ಕಾಗದವಲ್ಲ. ನೀನು ಅಂಬಾದಾಸನನ್ನು ಮದುವೆಯಾದದ್ದು ನನಗೆ ಆಗಲೂ ಒಪ್ಪಿಗೆಯಿರಲಿಲ್ಲ, ಈಗಲೂ ಇಲ್ಲ. ಆದರೆ ನೀನು ಹದಿನಾಲ್ಕು ವರ್ಷದಿಂದ ನರ್ಸು. ನನಗೆ ಸದ್ಯಕ್ಕೆ ಒಬ್ಬಳು ನರ್ಸು ಬೇಕಾಗಿದ್ದಾಳೆ. ಮಗಳ ವಿಷಯ ಆಮೇಲೆ ನೋಡೋಣ.

ಡಾಕ್ಟರು ಮಾಸ್ಕಿನೊಳಗೆ ಮರಾಠಿಯಲ್ಲಿ ಮಾತಾಡುತ್ತಾರೆ. ನನ್ನ ಕಿವಿಯ ಸ್ಥಿತಿ ನಿನಗೆ ಗೊತ್ತು. ಎಂಐಡಿಸಿಯ ಬಣ್ಣದ ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಆಗಿದ್ದಾಗಲೇ ಅರ್ಧ ಹೋಗಿತ್ತು, ಈಗ ಪೂರ್ತಿ ಹೋಗಿದೆ, ಫೋನು ನನಗೆ ಬರೀ ಗೊಂಬೆ. ನಿನ್ನ ತಮ್ಮ ಮಧ್ವೇಶ ಬೆಳಿಗ್ಗೆ ಏಳಕ್ಕೆ ಮಹಾಪೆಯ ಆಫೀಸಿಗೆ ಹೊರಟರೆ ರಾತ್ರಿಯೇ ಬರುವುದು. ಅವನನ್ನು ಕೇಳಿದರೆ ಕಾಗದದಲ್ಲಿ ಬರೆದಂತೆ ನುಂಗಿ ಎನ್ನುತ್ತಾನೆ. ಏನನ್ನು ನುಂಗುತ್ತಿದ್ದೇನೆ ಎಂದು ತಿಳಿಯದೆ ನನಗೆ ನುಂಗಿ ಅಭ್ಯಾಸವಿಲ್ಲ.

ಕೊಟ್ಟಿರುವ ಔಷಧಗಳಲ್ಲಿ ಒಂದು ಚಿಕ್ಕ ಬಿಳಿ ಮಾತ್ರೆಯಿದೆ, ನೀರಿನ ಮಾತ್ರೆ ಎನ್ನುತ್ತಾರೆ. ನುಂಗಿದ ಮೇಲೆ ಮಧ್ಯಾಹ್ನದವರೆಗೆ ನಾನು ಬಚ್ಚಲಿಗೂ ಕುರ್ಚಿಗೂ ನಡುವೆ ಲೋಕಲ್ ಟ್ರೇನು. ಇದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ? ಡಿಸ್ಚಾರ್ಜ್ ಕಾಗದದ ಝೆರಾಕ್ಸ್ ಇಟ್ಟಿದ್ದೇನೆ.

ಉತ್ತರವನ್ನು ಮನೆಗೆ ಬರೆಯಬೇಡ. ನಿನ್ನ ಮದುವೆಯ ಮೇಲೆ ಮಧ್ವೇಶನಿಗೆ ಎರಡು ಸಂಬಂಧ ತಪ್ಪಿದವು. ಅವನ ಸಿಟ್ಟು ನನ್ನದಕ್ಕಿಂತ ದೊಡ್ಡದು. ಸ್ಟೇಷನ್ ಹತ್ತಿರದ ತಾರಾನಾಥನ ಹೋಟೆಲಿನ ವಿಳಾಸಕ್ಕೆ ಬರಿ. ಅವನು ಗಲ್ಲೆಯ ಕೆಳಗೆ ಇಟ್ಟುಕೊಂಡಿರುತ್ತಾನೆ.

ಸಂಕರ್ಷಣ


ಕಾಮೋಠೆ
೨೯ ಜೂನ್ ೨೦೨೫

ಪ್ರೀತಿಯ ಅಪ್ಪನಿಗೆ ನಮಸ್ಕಾರ.

ಡ್ಯೂಟಿ ಮುಗಿಸಿ ಬಂದಾಗ ನಿಮ್ಮ ಕಾಗದ ಬಾಗಿಲ ಸಂದಿಯಲ್ಲಿತ್ತು. ಚಪ್ಪಲಿ ಕಳಚದೆ ಮೆಟ್ಟಿಲ ಮೇಲೆಯೇ ಕುಳಿತು ಓದಿದೆ. ನರ್ಸು ಬೇಕು ಎಂದಿದ್ದೀರಿ, ನರ್ಸಿನ ಹಾಗೆಯೇ ಬರೆಯುತ್ತೇನೆ. ಅತ್ತದ್ದನ್ನೆಲ್ಲ ಬರೆಯುವುದಿಲ್ಲ.

ನಿಮ್ಮ ಹೃದಯಕ್ಕೆ ಮೊದಲಿನ ಬಲವಿಲ್ಲ. ಅದು ಮುಂದಕ್ಕೆ ತಳ್ಳಲಾರದೆ ಹೋದಾಗ ನೀರು ಹಿಂದೆ ನಿಲ್ಲುತ್ತದೆ, ಮೊದಲು ಪಾದದಲ್ಲಿ, ಆಮೇಲೆ ಶ್ವಾಸಕೋಶದಲ್ಲಿ. ಬಿಳಿ ಮಾತ್ರೆ ನಿಮ್ಮ ಕಿಡ್ನಿಯಿಂದ ಆ ನೀರನ್ನೂ ಉಪ್ಪನ್ನೂ ಹೊರಗೆ ಹಾಕಿಸುತ್ತದೆ. ಆದ್ದರಿಂದ ಲೋಕಲ್ ಟ್ರೇನು ಓಡುತ್ತಿರುವುದು ಒಳ್ಳೆಯದಕ್ಕೇ. ಅದು ರೋಗ ಗುಣಮಾಡುವುದಿಲ್ಲ, ಉಸಿರಾಡಲು ಜಾಗ ಮಾಡಿಕೊಡುತ್ತದೆ ಅಷ್ಟೆ. ಬೆಳಿಗ್ಗೆ ಎಂಟಕ್ಕೆ ತೆಗೆದುಕೊಳ್ಳಿ. ಸಂಜೆ ತೆಗೆದುಕೊಂಡರೆ ನಿದ್ದೆಯಿಲ್ಲ.

ಅದು ಬೇಕಾದದ್ದನ್ನೂ ಹೊರಗೆ ಹಾಕಬಹುದು. ಕಾಲು ಸೆಳೆದರೆ, ಬಾಯಿ ಒಣಗಿದರೆ, ಎದ್ದು ನಿಂತಾಗ ಕಣ್ಣು ಕತ್ತಲೆಯಾದರೆ ಕೂಡಲೇ ಡಾಕ್ಟರಿಗೆ ಹೇಳಬೇಕು. ಜತೆಯ ಗುಲಾಬಿ ಮಾತ್ರೆ ಬಿಪಿಯದು, ಎರಡೂ ಸೇರಿ ಬಿಪಿ ತೀರಾ ಇಳಿಯಬಹುದು. ನೀರು ದಿನಕ್ಕೆ ಒಂದೂವರೆ ಲೀಟರ್, ಹೆಚ್ಚೂ ಬೇಡ, ಕಡಿಮೆಯೂ ಬೇಡ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಬಂದ್. ದಿನಾ ಬೆಳಿಗ್ಗೆ ತಿನ್ನುವ ಮೊದಲು ತೂಕ ನೋಡಿ ಬರೆದಿಡಿ. ಮೂರು ದಿನದಲ್ಲಿ ಎರಡು ಕಿಲೋ ಹೆಚ್ಚಾದರೆ ಅದು ಊಟದ್ದಲ್ಲ, ನೀರಿನದು.

ಇನ್ನು ಇದು ನರ್ಸಿನದಲ್ಲ. ಅಮ್ಮ ಹೋದಮೇಲೆ ಅಡುಗೆ ಯಾರದು? ನೀವೇ ಒಲೆಯ ಮುಂದೆ ನಿಲ್ಲುತ್ತಿದ್ದೀರಾ?

ನಿಮ್ಮ
ಅಪರ್ಣಾ


ಡೊಂಬಿವಲಿ
೯ ಜುಲೈ ೨೦೨೫

ಅಪರ್ಣಾಳಿಗೆ,

ನೀನು ಬರೆದದ್ದು ಅರ್ಥವಾಯಿತು. ಡಾಕ್ಟರಿಗಿಂತ ನೀನು ವಾಸಿ.

ತೂಕದ ಯಂತ್ರ ಮನೆಯಲ್ಲಿಲ್ಲ. ತಾರಾನಾಥನ ಹೋಟೆಲಿನ ಹಿಂದೆ ಈರುಳ್ಳಿ ಚೀಲ ತೂಗುವ ಕಾಟಾ ಇದೆ. ಬೆಳಿಗ್ಗೆ ಆರೂವರೆಗೆ ಹೋಗಿ ಅದರ ಮೇಲೆ ನಿಲ್ಲುತ್ತೇನೆ. ಅವನು ಅಡುಗೆಯವರಿಗೆಲ್ಲ ಕೇಳುವಂತೆ ಕೂಗುತ್ತಾನಂತೆ, "ಆಚಾರ್ರು ಇವತ್ತು ಅರವತ್ತೊಂದು ಕಿಲೋ, ಬಟಾಟೆಗಿಂತ ಕಡಿಮೆ." ನನಗೆ ಕೇಳುವುದಿಲ್ಲ, ಅವರು ನಗುವುದು ಕಾಣುತ್ತದೆ. ಅಡುಗೆ ನನ್ನದೇ. ಉಪ್ಪಿಲ್ಲದ ಸಾರು ಮಾಡುವುದಕ್ಕೆ ಮಹಾ ಪಾಂಡಿತ್ಯವೇನೂ ಬೇಡ.

ಮೊನ್ನೆಯವರೆಗೆ ಅರವತ್ತೊಂದು ಇದ್ದದ್ದು ನಿನ್ನೆ ಎಂಟನೇ ತಾರೀಕು ಅರವತ್ತೆರಡೂವರೆ ಆಯಿತು. ಪಾದದ ಮೇಲೆ ಬೆರಳೊತ್ತಿದರೆ ಗುಳಿ ಬೀಳುತ್ತದೆ. ನಡುವೆ ಒಂದು ದಿನ ಮಾತ್ರೆಗಳು ತಪ್ಪಿದ್ದವು, ಅದರಿಂದಲೇ ಇರಬೇಕು.

ಅದಕ್ಕೇ ಒಂದು ಪ್ರಶ್ನೆ. ಮುದುಕನ ತಲೆ, ಮತ್ತೆ ಒಂದು ದಿನ ತಪ್ಪಿತು ಎಂದೇ ಇಟ್ಟುಕೋ. ಆ ದಿನದ ಮಾತ್ರೆಯನ್ನು ಏನು ಮಾಡುವುದು? ಬಿಟ್ಟೇಬಿಡುವುದೋ, ಆಮೇಲೆ ತೆಗೆದುಕೊಳ್ಳುವುದೋ? ಎರಡು ಸಾಲು ಬರೆದರೆ ಸಾಕು, ಉಪನ್ಯಾಸ ಬೇಡ.

ಈ ಮಾತ್ರೆ ಕಿವಿಗೂ ಅಷ್ಟು ಒಳ್ಳೆಯದಲ್ಲವೆಂದು ತಾರಾನಾಥ ಮೊಬೈಲಿನಲ್ಲಿ ಓದಿ ಚೀಟಿಯಲ್ಲಿ ಬರೆದು ತೋರಿಸಿದ. ನನ್ನ ಕಿವಿಯಲ್ಲಿ ಕಳೆದುಕೊಳ್ಳಲು ಇನ್ನೇನು ಉಳಿದಿದೆ ಮಾರಾಯ್ತಿ.

ಸಂಕರ್ಷಣ


ಕಾಮೋಠೆ
೧೩ ಜುಲೈ ೨೦೨೫

ಪ್ರೀತಿಯ ಅಪ್ಪನಿಗೆ,

ಎರಡೇ ಸಾಲು, ನೀವು ಕೇಳಿದಂತೆ. ವಾರ್ಡಿನಲ್ಲಿ ಇಬ್ಬರು ರಜೆಯಲ್ಲಿದ್ದಾರೆ, ಮೂರು ದಿನದಿಂದ ನನಗೆ ಡಬಲ್ ಡ್ಯೂಟಿ. ಊಟದ ವಿರಾಮದಲ್ಲಿ ಬರೆಯುತ್ತಿದ್ದೇನೆ.

ತಪ್ಪಿದ ಮಾತ್ರೆಯನ್ನು ನೆನಪಾದ ಕೂಡಲೇ ತೆಗೆದುಕೊಳ್ಳಿ, ಬಿಡಬೇಡಿ. ಪಾದದ ಬಾವು ಇಳಿಯದಿದ್ದರೆ ಡಾಕ್ಟರಿಗೆ ತೋರಿಸಿ.

ಅಪರ್ಣಾ


ಕಾಮೋಠೆ
೨೭ ಜುಲೈ ೨೦೨೫

ಅಪ್ಪ,

ಈ ಕಾಗದ ತಾರಾನಾಥ ಮಾಮನ ಕೈಯಲ್ಲೇ ನಿಮಗೆ ತಲುಪಬೇಕು. ಬೇರೆ ಯಾರಾದರೂ ಹತ್ತಿರವಿದ್ದರೆ ಆಮೇಲೆ ಓದಿ.

ಮಂಗಳವಾರ ಅವರೇ ಫೋನ್ ಮಾಡಿದರು. ನೀವು ಬಚ್ಚಲಲ್ಲಿ ಬಿದ್ದಿರಿ, ಬಿಪಿ ಸಿಗುತ್ತಿಲ್ಲ ಎಂದರು. ಯೂನಿಫಾರ್ಮಿನಲ್ಲೇ ಓಡಿದೆ. ಪನ್ವೇಲಿನಿಂದ ಬರುವ ಗಾಡಿ ಹಿಡಿದು ಠಾಣೆಯಲ್ಲಿ ಬದಲಿಸಿ ಡೊಂಬಿವಲಿ ತಲುಪುವಷ್ಟರಲ್ಲಿ ಎರಡು ಗಂಟೆಯಾಯಿತು. ಅಷ್ಟು ಹೊತ್ತೂ ನೀವು ಇಲ್ಲವೆಂದೇ ತಿಳಿದಿದ್ದೆ. ಆಸ್ಪತ್ರೆಯ ಲಿಫ್ಟಿನ ಬಾಗಿಲಲ್ಲಿ ಮಧ್ವೇಶ ನಿಂತಿದ್ದ. "ನಿನ್ನಿಂದ ಆಗುವ ಉಪಕಾರ ಎಲ್ಲ ಆಗಿದೆ, ಹೋಗು" ಎಂದ. ಅವನಿಗೆ ಏನೂ ಗೊತ್ತಿಲ್ಲದೆ ಆಡಿದ ಮಾತು ಅದು. ನನಗೆ ಮಾತ್ರ ಎಲ್ಲ ಗೊತ್ತಿದ್ದು ಆಡಿದ ಹಾಗೆ ತಾಗಿತು. ವಾಪಸು ಬಂದೆ.

ಬರುವಾಗಲೇ ಗಾಡಿಯಲ್ಲಿ ಕುಳಿತು ತಾರೀಕು ಎಣಿಸಿದ್ದೆ. ಸೋಮವಾರ ಇಪ್ಪತ್ತೊಂದು, ಏಕಾದಶಿ. ಅದರ ಹಿಂದಿನದು ಜುಲೈ ಆರು, ಆಷಾಢಿ. ನಿಮ್ಮ ಮಾತ್ರೆ ತಪ್ಪಿದ್ದೂ ಅದೇ ದಿನ. ನೀವು ಮರೆತಿರಲಿಲ್ಲ. ನೀವು ಯಾವತ್ತೂ ಏನನ್ನೂ ಮರೆತವರಲ್ಲ. ನೀರೇ ಮುಟ್ಟದ ದಿನ ಮಾತ್ರೆ ಹೇಗೆ ನುಂಗುತ್ತೀರಿ? ಸೋಮವಾರದ್ದನ್ನು ಉಳಿಸಿ, ದ್ವಾದಶಿ ಬೆಳಿಗ್ಗೆ ಪಾರಣೆ ಮಾಡಿ, ಎರಡೂ ದಿನದ್ದನ್ನು ಒಟ್ಟಿಗೆ ನುಂಗಿದಿರಿ, ಅಲ್ಲವೇ? ಒಂದು ಹಗಲು ಒಂದು ರಾತ್ರಿ ಒಣಗಿದ ಮೈಗೆ ಎರಡು ನೀರಿನ ಮಾತ್ರೆ, ಎರಡು ಬಿಪಿ ಮಾತ್ರೆ.

ನಾನು ಅರ್ಧ ಬರೆದೆ ಅಪ್ಪ. ನೆನಪಾದ ಕೂಡಲೇ ತೆಗೆದುಕೊಳ್ಳಿ ಎಂಬುದು ಅದೇ ದಿನ ನೆನಪಾದರೆ. ಮರುದಿನವಾಗಿದ್ದರೆ ಅದನ್ನು ಬಿಟ್ಟುಬಿಡಬೇಕು, ಎರಡನ್ನು ಎಂದಿಗೂ ಒಟ್ಟಿಗೆ ತೆಗೆದುಕೊಳ್ಳಬಾರದು. ಈ ಮಾತನ್ನು ದಿನಕ್ಕೆ ಹತ್ತು ರೋಗಿಗಳಿಗೆ ಹೇಳುತ್ತೇನೆ. ನಿಮಗೆ ಬರೆಯಲಿಲ್ಲ. ತಿಂಗಳಿಗೆ ಎರಡು ದಿನ ಒಲೆ ಹಚ್ಚದ ಮನೆಯಲ್ಲಿ ಹುಟ್ಟಿ ಬೆಳೆದವಳು, ನನಗೆ ಏಕಾದಶಿಯೆಂಬುದೇ ಹೊಳೆಯಲಿಲ್ಲ. ಆಷಾಢಿಯ ದಿನ ಕ್ಯಾಂಟೀನಿನಲ್ಲಿ ಉಪವಾಸದವರಿಗೆಂದು ಮಾಡಿದ್ದ ಸಾಬುದಾನಾ ಖಿಚಡಿ ತಿಂದೆ, ರುಚಿಯಾಗಿದೆ ಎಂದೆ, ಎದ್ದು ಹೋದೆ.

ನನಗೆ ಸಿಟ್ಟೂ ಬಂದಿದೆ. ಏಕಾದಶಿ ಎಂದು ಒಂದು ಶಬ್ದ ಬರೆಯಬಾರದಿತ್ತೇ?

ಏನೇ ಆಗಲಿ, ಡಾಕ್ಟರಿಗೆ ನಿಜ ಹೇಳಿ. ಎರಡು ನುಂಗಿದೆ ಎಂದು ಹೇಳಿ. ಯಾರು ಹೇಳಿದರು ಎಂದು ಕೇಳಿದರೆ ನನ್ನ ಹೆಸರು ಹೇಳಿ.

ಅಪರ್ಣಾ


ಡೊಂಬಿವಲಿ
೧೦ ಆಗಸ್ಟ್ ೨೦೨೫

ಚಿ. ಅಪರ್ಣಾಳಿಗೆ ಆಶೀರ್ವಾದ.

ಮಧ್ವೇಶ ಸಾಮಾನು ತರಲು ಹೋಗಿದ್ದಾನೆ. ಎರಡು ಸಾಲಿಗೊಮ್ಮೆ ನಿಲ್ಲಿಸಿ ಉಸಿರು ತೆಗೆದುಕೊಂಡು ಬರೆಯುತ್ತಿದ್ದೇನೆ, ಅಕ್ಷರ ನೋಡಿ ನಗಬೇಡ.

ನೀನು ಎಣಿಸಿದ್ದು ಸರಿ. ಏಕಾದಶಿ ಎಂದು ಬರೆದಿದ್ದರೆ ನೀನು ಉಪವಾಸ ಬಿಡಿ ಎನ್ನುತ್ತಿದ್ದೆ. ಹನ್ನೊಂದನೇ ವಯಸ್ಸಿನಲ್ಲಿ ಉಪನಯನವಾದಂದಿನಿಂದ ಒಂದು ಏಕಾದಶಿಯೂ ತಪ್ಪಿಸಿಲ್ಲ. ಔಷಧಕ್ಕೆ ದೋಷವಿಲ್ಲ ಎನ್ನುವವರಿದ್ದಾರೆ, ನನಗೂ ಗೊತ್ತು. ನನ್ನ ಮನಸ್ಸು ಒಪ್ಪಲಿಲ್ಲ. ನನ್ನದೆಂದು ಉಳಿದಿರುವುದು ಅದೊಂದೇ. ಅದಕ್ಕೇ ಉಪಾಯವಾಗಿ ಕೇಳಿದೆ, ನೀನು ಉತ್ತರ ಕೊಟ್ಟೆ. ತಪ್ಪು ಕೇಳಿದವನದು.

ಡಾಕ್ಟರಿಗೆ ನಾನು ನಿಜ ಹೇಳಲಿಲ್ಲ. ಅವರು ನನ್ನ ಮುಖದ ಮುಂದೆ ಬೆರಳು ಹಿಡಿದು ಒಂದೋ ಎರಡೋ ಎಂದು ಕೇಳಿದರು. ಮಧ್ವೇಶ ಪಕ್ಕದಲ್ಲೇ ನಿಂತಿದ್ದ. ಒಂದು ಎಂದು ಬೆರಳು ತೋರಿಸಿದೆ. ಎರಡು ಎಂದಿದ್ದರೆ ಯಾರು ಹೇಳಿದ್ದು ಎಂಬ ಮಾತು ಬರುತ್ತಿತ್ತು. ಅಕ್ಕ ಅಪ್ಪನನ್ನು ಕೊಲ್ಲಹೊರಟಳು ಎಂದು ಅವನು ಜನ್ಮವಿಡೀ ಹೇಳಿಕೊಂಡು ತಿರುಗುತ್ತಾನೆ. ನಿನ್ನ ೧೩ನೇ ತಾರೀಕಿನ ಕಾಗದವನ್ನು ಹರಿದು ಫ್ಲಶ್ ಮಾಡಿದ್ದೇನೆ. ಎರಡು ಸಲ ಮಾಡಬೇಕಾಯಿತು.

ಆದ್ದರಿಂದ ಡಾಕ್ಟರು ಏನು ತಿಳಿದರೆಂದರೆ, ಒಂದೇ ಮಾತ್ರೆಗೆ ಕಿಡ್ನಿ ಇಷ್ಟು ಕೆಟ್ಟಿದೆ, ಈ ಮನುಷ್ಯನಿಗೆ ನೀರಿನ ಮಾತ್ರೆಯೇ ಆಗಿಬರುವುದಿಲ್ಲ. ಅದನ್ನು ಪೂರ್ತಿ ನಿಲ್ಲಿಸಿದ್ದಾರೆ. ಇನ್ನೆಂದೂ ಕೊಡಬಾರದೆಂದು ಕಾಗದದ ಮೇಲೆ ಕೆಂಪಕ್ಷರದಲ್ಲಿ ಬರೆದಿದ್ದಾರೆ.

ಈಗ ಲೋಕಲ್ ಟ್ರೇನು ನಿಂತಿದೆ. ಕಾಟಾದವರೆಗೆ ಹೋಗುವ ಶಕ್ತಿಯಿಲ್ಲದ್ದರಿಂದ ತೂಕ ಗೊತ್ತಿಲ್ಲ. ಬಾವು ಮೊಣಕಾಲು ದಾಟಿ ತೊಡೆಗೆ ಬಂದಿದೆ. ಅಡ್ಡವಾದರೆ ಮುಳುಗಿದಂತಾಗುತ್ತದೆ, ಕುರ್ಚಿಯಲ್ಲೇ ಕುಳಿತು ನಿದ್ದೆ ಮಾಡುತ್ತೇನೆ. ಮಧ್ವೇಶ ಸೋಮವಾರ ಹದಿನೆಂಟಕ್ಕೆ ಡಾಕ್ಟರ ಅಪಾಯಿಂಟ್‌ಮೆಂಟ್ ತೆಗೆದಿದ್ದಾನೆ. ಅಷ್ಟರವರೆಗೆ ನಡೆದೀತು.

ಇದನ್ನು ಯಾರಿಗೂ ಹೇಳಬೇಡ. ನಮ್ಮಿಬ್ಬರಲ್ಲೇ ಇರಲಿ. ಇದು ನಾನು ಕೇಳುತ್ತಿರುವುದು ಮಗಳನ್ನು, ನರ್ಸನ್ನಲ್ಲ.

ಅಪ್ಪ


ಕಾಮೋಠೆ
೧೩ ಆಗಸ್ಟ್ ೨೦೨೫, ಬೆಳಗಿನ ಜಾವ

ಮಧ್ವೇಶ,

ಈ ಕಾಗದ ಕೊಟ್ಟವನು ಅಂಬಾದಾಸ. ನಾನೇ ಬಂದರೆ ಬಾಗಿಲಲ್ಲೇ ಜಗಳವಾಗುತ್ತದೆ, ಜಗಳಕ್ಕೆ ಈಗ ಸಮಯವಿಲ್ಲ. ಅವನ ಮುಖ ನೀನು ನೋಡಿಲ್ಲ, ಕೊರಿಯರಿನವನೆಂದಾದರೂ ಬಾಗಿಲು ತೆಗೆಯುತ್ತೀಯ ಎಂದು ಅವನನ್ನು ಕಳಿಸಿದ್ದೇನೆ. ಒಳಗೆ ಕರೆಯಬೇಕಾಗಿಲ್ಲ. ನೀನು ಓದಿ ಮುಗಿಸುವವರೆಗೆ ಮೆಟ್ಟಿಲ ಮೇಲೆ ನಿಂತಿರುತ್ತಾನೆ. ನಿನಗೆ ಫೋನ್ ಮಾಡಿದರೆ ಕಟ್ ಆಗುತ್ತದೆ. ಆಸ್ಪತ್ರೆಗೆ ಮಾಡಿದೆ, ಕಾಗದದಲ್ಲಿ ಹೆಸರಿರುವವರೇ ಬಂದು ಹೇಳಬೇಕು ಎಂದರು. ಆ ಹೆಸರು ನಿನ್ನದು.

ಅಪ್ಪ ದ್ವಾದಶಿಯ ದಿನ ನುಂಗಿದ್ದು ಒಂದು ದಿನದ ಮಾತ್ರೆಯಲ್ಲ, ಎರಡು ದಿನದ್ದು. ತಪ್ಪಿದ ಮಾತ್ರೆಯನ್ನು ನೆನಪಾದ ಕೂಡಲೇ ತೆಗೆದುಕೊಳ್ಳಿ, ಬಿಡಬೇಡಿ ಎಂದು ಅವರಿಗೆ ಬರೆದವಳು ನಾನು. ಜೂನ್‌ನಿಂದ ನಾವಿಬ್ಬರೂ ತಾರಾನಾಥ ಮಾಮನ ಹೋಟೆಲಿನ ಮೂಲಕ ಕಾಗದ ಬರೆದುಕೊಳ್ಳುತ್ತಿದ್ದೆವು. ಮರುದಿನವಾದರೆ ಬಿಟ್ಟುಬಿಡಿ ಎಂಬ ಮಾತನ್ನು ನಾನು ಬರೆಯಲಿಲ್ಲ. ಅವರು ಯಾಕೆ ಕೇಳುತ್ತಿದ್ದಾರೆಂದು ಯೋಚಿಸಲೂ ಇಲ್ಲ. ಆ ಕಾಗದ ಈಗ ಇಲ್ಲ, ಅಪ್ಪ ಹರಿದುಹಾಕಿದ್ದಾರೆ. ಸುಮ್ಮನಿದ್ದರೆ ನಿನಗೆ ಎಂದೂ ಗೊತ್ತಾಗುತ್ತಿರಲಿಲ್ಲ. ಯಾರಿಗೂ ಹೇಳಬೇಡ ಎಂದು ಅವರು ನನ್ನನ್ನು ಕೇಳಿಯೂ ಇದ್ದಾರೆ.

ನನ್ನ ಹೆಸರು ಬರಬಾರದೆಂದು ಅವರು ಡಾಕ್ಟರಿಗೆ ಒಂದೇ ಎಂದು ಸುಳ್ಳು ಹೇಳಿದರು. ಅದನ್ನು ನಂಬಿ ಡಾಕ್ಟರು ಮಾತ್ರೆ ನಿಲ್ಲಿಸಿದರು. ಕಿಡ್ನಿ ಕೆಟ್ಟದ್ದು ಮಾತ್ರೆಯಿಂದಲ್ಲ, ನೀರಿಲ್ಲದ ಮೈಗೆ ದುಪ್ಪಟ್ಟು ಬಿದ್ದದ್ದರಿಂದ. ಈಗ ಮಾತ್ರೆಯಿಲ್ಲದೆ ಅವರ ಎದೆಯಲ್ಲಿ ನೀರು ಏರುತ್ತಿದೆ. ಕುರ್ಚಿಯಲ್ಲಿ ಕುಳಿತು ನಿದ್ದೆ ಮಾಡುತ್ತಿದ್ದಾರಲ್ಲ, ಅದರ ಅರ್ಥ ಅದೇ. ಹದಿನೆಂಟರವರೆಗೆ ಕಾಯಬೇಡ. ಇವತ್ತೇ, ಈಗಲೇ ಕರೆದುಕೊಂಡು ಹೋಗು. ಡಾಕ್ಟರಿಗೆ ಎರಡು ಎಂದು ಹೇಳು. ಬೇಕಾದರೆ ಈ ಕಾಗದವನ್ನೇ ಅವರ ಕೈಗೆ ಕೊಡು.

ಆಮೇಲೆ ನನ್ನ ಬಗ್ಗೆ ಏನು ಬೇಕಾದರೂ ಹೇಳು, ಯಾರಿಗೆ ಬೇಕಾದರೂ ಹೇಳು. ಅದು ನಿಜವೇ.

ಅಕ್ಕ


ಡೊಂಬಿವಲಿ
೩೦ ಆಗಸ್ಟ್ ೨೦೨೫

ಚಿ. ಸೌ. ಅಪರ್ಣಾಳಿಗೆ ಆಶೀರ್ವಾದಗಳು.

ಹದಿನೈದು ದಿನ ಆಸ್ಪತ್ರೆಯಲ್ಲಿ ಬಿದ್ದಿದ್ದವನು ಮೊನ್ನೆ ಮನೆಗೆ ಬಂದೆ. ಗಣಪತಿಯ ಢೋಲು ಎದೆಗೇ ತಾಗುವಷ್ಟು ಜೋರಾಗಿತ್ತು, ನನಗೂ ಸ್ವಲ್ಪ ಕೇಳಿದಂತಾಯಿತು.

ಮೊದಲು ಸಿಟ್ಟು ಹೇಳಿಬಿಡುತ್ತೇನೆ. ಎಪ್ಪತ್ತನಾಲ್ಕು ವರ್ಷದಲ್ಲಿ ನೆನಪಿನಲ್ಲಿರುವಂತೆ ಒಂದೇ ಒಂದು ದೊಡ್ಡ ಸುಳ್ಳು ಹೇಳಿದ್ದೆ, ಅದೂ ನಿನಗೋಸ್ಕರ. ಅದನ್ನು ನೀನು ಮೂರು ದಿನವೂ ಉಳಿಸಲಿಲ್ಲ. ಮಗಳನ್ನು ಕೇಳಿದ್ದೆ, ನರ್ಸು ಉತ್ತರ ಕೊಟ್ಟಳು ಎಂದು ಆಸ್ಪತ್ರೆಯ ಹಾಸಿಗೆಯಲ್ಲಿ ನಿನ್ನನ್ನು ಬಯ್ದುಕೊಂಡೆ. ಆಮೇಲೆ ಉಸಿರು ಸರಾಗವಾಯಿತು, ಬಯ್ಗುಳ ಕಡಿಮೆಯಾಯಿತು.

ಆ ದಿನದ್ದು ಅಂಬಾದಾಸ ನಿನಗೆ ಹೇಳಿರುತ್ತಾನೆ. ನಾನು ಕಂಡದ್ದನ್ನೂ ಕೇಳು. ಮಧ್ವೇಶ ಆಫೀಸಿಗೆ ಹೊರಟು ಬೂಟು ಹಾಕಿಕೊಂಡಿದ್ದ. ಬಾಗಿಲಲ್ಲೇ ನಿಂತು ಕಾಗದ ಓದಿದ, ಮತ್ತೆ ಮೊದಲಿನಿಂದ ಓದಿದ. ನನ್ನ ಕಡೆ ತಿರುಗಿ ಎರಡು ಬೆರಳು ತೋರಿಸಿದ. ನಾನು ತಲೆಯಾಡಿಸಿದೆ. ಅವನ ಮುಖ ನೋಡಲು ಧೈರ್ಯವಾಗಲಿಲ್ಲ.

ನಮ್ಮ ಬಿಲ್ಡಿಂಗಿಗೆ ಲಿಫ್ಟಿಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲಿ ನನ್ನನ್ನು ಕೂರಿಸಿ, ಹಳೆಯ ಪಂಚೆಯಿಂದ ಕಟ್ಟಿ, ಮೂರು ಮಹಡಿ ಇಳಿಸಿದರು. ಮೇಲಿನ ಕಡೆ ಮಧ್ವೇಶ ಹಿಡಿದ, ಕೆಳಗಿನ ಕಡೆ ಅಂಬಾದಾಸ. ಭಾರವೆಲ್ಲ ಬೀಳುವುದು ಕೆಳಗಿನವನ ಮೇಲೆ. ಹೊರಡುವ ಮೊದಲು ಅವನು ನನ್ನ ಕಿವಿಗೆ ಬಾಯಿಟ್ಟು ಕಿರುಚಿದ್ದು ನನಗೆ ಪೂರ್ತಿ ಕೇಳಿತು. "ಕಾಕಾ, ಕುರ್ಚಿ ಗಟ್ಟಿ ಹಿಡ್ಕೋರಿ. ಅಂಜಬ್ಯಾಡ್ರಿ, ನಾ ತೆಳಗ ಅದೀನಿ." ಮಾವ ಎನ್ನಲಿಲ್ಲ, ಕಾಕಾ ಎಂದ. ಬುದ್ಧಿವಂತ. ದಾರಿಯುದ್ದಕ್ಕೂ ರಿಕ್ಷಾದಲ್ಲಿ ಅವರಿಬ್ಬರೂ ನನ್ನ ಎರಡು ಪಕ್ಕ ಕುಳಿತು ಏನೋ ಮಾತಾಡಿಕೊಂಡರು. ಏನೆಂದು ಇಬ್ಬರೂ ನನಗೆ ಬರೆದು ತೋರಿಸಿಲ್ಲ.

ಇಂಜೆಕ್ಷನ್ನಿನಲ್ಲಿ ನೀರು ತೆಗೆದರು. ಆರು ದಿನದಲ್ಲಿ ಒಂಬತ್ತು ಕಿಲೋ ಹೋಯಿತು. ನಾನೇ ಅಷ್ಟು ನೀರು ಹೊತ್ತುಕೊಂಡಿದ್ದೆನೇ ಎಂದು ಆಶ್ಚರ್ಯವಾಗುತ್ತದೆ. ಕಿಡ್ನಿ ಮಾತ್ರ ಮೊದಲಿನಂತೆ ಆಗುವುದಿಲ್ಲವಂತೆ. ಎಷ್ಟು ದಿನ ಎಂದು ಕೇಳಿದೆ, ಡಾಕ್ಟರು ಚೀಟಿಯಲ್ಲಿ ಮಾತ್ರೆಯ ಹೆಸರನ್ನಷ್ಟೇ ಬರೆದರು. ಬಿಳಿ ಮಾತ್ರೆ ಮತ್ತೆ ಶುರುವಾಗಿದೆ, ದಿನ ತಪ್ಪುವಂತಿಲ್ಲ, ನೀರಿಲ್ಲದೆ ಇರುವಂತಿಲ್ಲ. ಇನ್ನೊಮ್ಮೆ ನಿರ್ಜಲ ಉಪವಾಸ ಮಾಡಿದರೆ ನನ್ನ ಹತ್ತಿರ ತರಬೇಡಿ ಎಂದು ಮಧ್ವೇಶನಿಗೆ ಹೇಳಿದ್ದಾರೆ. ಹತ್ತೊಂಬತ್ತರ ಏಕಾದಶಿ ಐಸಿಯುನಲ್ಲಿ ಕಳೆಯಿತು, ಅದು ನನಗೆ ಗೊತ್ತೇ ಆಗಲಿಲ್ಲ, ಲೆಕ್ಕಕ್ಕಿಲ್ಲ. ಎಚ್ಚರವಿದ್ದು ಎದುರಿಸಬೇಕಾದದ್ದು ಬರುವ ಬುಧವಾರದ್ದು.

ಮೂರು ದಿನ ಯೋಚಿಸಿದೆ. ದೇವರ ಮುಂದೆ ಕುಳಿತು ಸ್ವಲ್ಪ ಅತ್ತೆ ಕೂಡ, ಅದನ್ನು ಯಾರಿಗೂ ಹೇಳಬೇಡ, ಇದನ್ನಾದರೂ ಉಳಿಸಿಕೋ. ಅರವತ್ತಮೂರು ವರ್ಷದ್ದನ್ನು ಬಿಡುವುದು ಸುಲಭವಲ್ಲ. ನುಂಗುತ್ತೇನೆ, ನೀರೂ ಕುಡಿಯುತ್ತೇನೆ ಎಂದು ನಿಶ್ಚಯಿಸಿದ್ದೇನೆ.

ಆದರೆ ಒಂದು ತೊಂದರೆಯಿದೆ. ಮಧ್ವೇಶನೂ ಅಂದು ನಿರ್ಜಲ. ಉಪವಾಸವಿರುವ ಮಗನ ಕೈಯಿಂದ ಏಕಾದಶಿಯ ದಿನ ನೀರು ಕೇಳಿ ಕುಡಿಯಲು ನನಗೆ ನಾಚಿಕೆಯಾಗುತ್ತದೆ. ಅದನ್ನು ಅವನಿಗೆ ಹೇಳಿದೆ, ನಿನ್ನನ್ನು ಕರೆಯುತ್ತೇನೆಂದೂ ಹೇಳಿದೆ. ಹಾಗಾದರೆ ಬುಧವಾರ ರಜೆ ಹಾಕುತ್ತೇನೆ ಎಂದು ಅವನು ಚೀಟಿಯಲ್ಲಿ ಬರೆದ. ಅದು ನಿನ್ನನ್ನು ಕಾಯಲೋ ತಡೆಯಲೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ನಿನಗೆ ಹೇಗೂ ಏಕಾದಶಿ ಮರೆತುಹೋಗಿದೆಯಲ್ಲ. ನೀನೇ ಬಂದು ನೀರು ಕೊಡು. ಮಾತ್ರೆ ಎಂಟು ಗಂಟೆಗೆ.

ನಿನ್ನ ಅಪ್ಪ